ವಾಕಿಂಗ್ ಜಾಸ್ತಿ, ಓಡಾಟ ಕಡಿಮೆ

ನಮ್ಮ ಮನೆಯ ತಾರಸಿ ಉದ್ದಕ್ಕೆ ಇಪ್ಪತ್ತಾರು ಹೆಜ್ಜೆ, ಅಗಲಕ್ಕೆ ಹದಿನಾಲ್ಕು. ನೀರಿನ ಟ್ಯಾಂಕ್ ಹತ್ತಿರ ಸ್ವಲ್ಪ ಬಳಸಿಕೊಂಡು ಹೋಗಬೇಕು. ಬಟ್ಟೆ ಒಣಹಾಕುವ ತಂತಿ ಬಂದಾಗ ತಲೆ ಬಗ್ಗಿಸಬೇಕು. ಇದೆಲ್ಲ ನನಗೆ ಗೊತ್ತಾದದ್ದು 2020ರ ಏಪ್ರಿಲ್‌ನಲ್ಲಿ, ಕೊರೊನಾ ಲಾಕ್‌ಡೌನ್ ಆದಾಗ. ಅದಕ್ಕೂ ಮುಂಚೆ ಹತ್ತು ವರ್ಷ ಅದೇ ಮನೆಯಲ್ಲಿದ್ದರೂ ಟ್ಯಾಂಕ್ ತುಂಬಿ ಹರಿದಾಗ ಬಿಟ್ಟರೆ ಮೇಲೆ ಹೋದವನಲ್ಲ.

ಎದುರು ಮನೆಯ ತಾರಸಿಗೆ ಸಂಜೆ ಐದೂವರೆಗೆ ಒಬ್ಬರು ಬರುತ್ತಿದ್ದರು. ಲುಂಗಿ, ಬನಿಯನ್, ಕಾಲಿಗೆ ಮಾತ್ರ ಹೊಚ್ಚಹೊಸ ಸ್ಪೋರ್ಟ್ಸ್ ಶೂ. ನಾನು ಪೂರ್ವಕ್ಕೆ ಹೋದರೆ ಅವರು ಪಶ್ಚಿಮಕ್ಕೆ. ಒಂದು ವಾರದ ನಂತರ ಕೈ ಎತ್ತಲು ಶುರು ಮಾಡಿದೆವು. ಮಾತಿಲ್ಲ, ಹೆಸರು ಗೊತ್ತಿಲ್ಲ.

ಒಂದು ತಿಂಗಳು ಹೀಗೇ ನಡೆಯಿತು. ಜೀವನದಲ್ಲಿ ಮೊದಲ ಸಲ ದಿನಾ ವ್ಯಾಯಾಮ ಮಾಡುತ್ತಿದ್ದೇನೆ ಅಂತ ನನಗೆ ಒಳಗೊಳಗೇ ಹೆಮ್ಮೆ. ಹಾಗೇ ಒಂದು ದಿನ ಫೋನಿನಲ್ಲಿ ಹೆಜ್ಜೆ ಲೆಕ್ಕ ತೆಗೆದು ನೋಡಿದೆ. ಫೆಬ್ರುವರಿಯಲ್ಲಿ, ಯಾವ ವ್ಯಾಯಾಮವನ್ನೂ ಮಾಡದಿದ್ದ ಕಾಲದಲ್ಲಿ, ದಿನಕ್ಕೆ ಸುಮಾರು ಏಳು ಸಾವಿರ ಹೆಜ್ಜೆ ಇತ್ತು. ಏಪ್ರಿಲ್‌ನಲ್ಲಿ, ತಾರಸಿಯ ಒಂದು ಗಂಟೆ ಸೇರಿಸಿದರೂ, ಐದು ಸಾವಿರ ದಾಟಿರಲಿಲ್ಲ.

ಫೋನು ಕೆಟ್ಟಿದೆ ಅಂದುಕೊಂಡೆ. ಆಮೇಲೆ ಹೊಳೆಯಿತು. ಬಸ್ ಸ್ಟಾಪಿಗೆ ನಡೆಯುವುದು, ಮೆಟ್ರೋ ಮೆಟ್ಟಿಲು, ಆಫೀಸಿನಲ್ಲಿ ಕಾಫಿಗೆ ಮೂರು ಸಲ ಕೆಳಗಿಳಿಯುವುದು, ವಾಪಸ್ ಬರುವಾಗ ತರಕಾರಿ ಅಂಗಡಿ. ಇದ್ಯಾವುದನ್ನೂ ನಾನು ವ್ಯಾಯಾಮ ಅಂತ ಎಣಿಸಿರಲೇ ಇಲ್ಲ. ಆದರೆ ನನ್ನ ಕಾಲಿನ ಲೆಕ್ಕದಲ್ಲಿ ಅದೇ ದೊಡ್ಡ ಪಾಲು.

ಕೊರೊನಾ ಕಾಲದಲ್ಲಿ ಜನ ವ್ಯಾಯಾಮ ಜಾಸ್ತಿ ಮಾಡಿದರೋ ಕಡಿಮೆ ಮಾಡಿದರೋ ಎಂಬ ಪ್ರಶ್ನೆಗೆ ಈಗಲೂ ಎರಡು ತರಹದ ಉತ್ತರ ಸಿಗುತ್ತದೆ. ಯೋಗ ಶುರು ಮಾಡಿದವರು, ಸೈಕಲ್ ಕೊಂಡವರು, ಹತ್ತು ಕೆಜಿ ಇಳಿಸಿದವರ ಕಥೆಗಳು ಒಂದು ಕಡೆ. ಇನ್ನೊಂದು ಕಡೆ ಕೂತು ಕೂತು ಬೊಜ್ಜು ಬಂದವರು, ಮಂಡಿ ಹಿಡಿದುಕೊಂಡವರು. ಎರಡೂ ನಿಜ. ಎರಡೂ ಒಬ್ಬನೇ ಮನುಷ್ಯನಿಗೆ ಆಗಿರಬಹುದು, ನನಗಾದ ಹಾಗೆ. ಬೇಕೆಂದೇ ಮಾಡುವ ವ್ಯಾಯಾಮ ಹೆಚ್ಚಾಯಿತು, ತಾನಾಗಿ ಆಗುತ್ತಿದ್ದ ಓಡಾಟ ಕುಸಿಯಿತು. ಈ ಎರಡನ್ನು ಬೇರೆ ಮಾಡದೆ ನೋಡಿದರೆ ಆ ಎರಡು ವರ್ಷ ಅರ್ಥವಾಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮಹಾಮಾರಿ ಅಂತ ಘೋಷಿಸಿದ್ದು 2020ರ ಮಾರ್ಚ್ 11ಕ್ಕೆ. ಹೆಜ್ಜೆ ಎಣಿಸುವ ಒಂದು ಆ್ಯಪ್‌ನ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಬಳಕೆದಾರರ ಮಾಹಿತಿಯನ್ನು ಅಮೆರಿಕದ ಸಂಶೋಧಕರು ನೋಡಿದರು. 187 ದೇಶದ ಜನ ಅದರಲ್ಲಿದ್ದರು. ಘೋಷಣೆಯಾದ ಹತ್ತು ದಿನದಲ್ಲಿ ಸರಾಸರಿ ಹೆಜ್ಜೆ ಶೇ 5.5ರಷ್ಟು ಇಳಿದಿತ್ತು. ಮೂವತ್ತು ದಿನದೊಳಗೆ ಶೇ 27.3. ಅಂದರೆ ದಿನಕ್ಕೆ 1,400ಕ್ಕೂ ಹೆಚ್ಚು ಹೆಜ್ಜೆ ಮಾಯ. ಬಿಗಿ ಲಾಕ್‌ಡೌನ್ ಮಾಡಿದ ಇಟಲಿಯಲ್ಲಿ ಒಂದು ಹಂತದಲ್ಲಿ ಶೇ 48.7ರವರೆಗೂ ಕುಸಿಯಿತು. ಲಾಕ್‌ಡೌನ್ ಮಾಡದ ಸ್ವೀಡನ್‌ನಲ್ಲಿ ಹೆಚ್ಚೆಂದರೆ ಶೇ 6.9.

ಇದು ಫೋನಿನಲ್ಲಿ ಹೆಜ್ಜೆ ಎಣಿಸುವ ಜನರ ಲೆಕ್ಕ ಎಂಬುದನ್ನು ಮರೆಯಬಾರದು. ಅವರು ಮೊದಲೇ ಮೈಯ ಬಗ್ಗೆ ಸ್ವಲ್ಪ ಕಾಳಜಿ ಇದ್ದವರು. ಅವರೇ ಇಷ್ಟು ಇಳಿದರು ಅಂದರೆ ಉಳಿದವರ ಕಥೆ ಊಹಿಸಿಕೊಳ್ಳಬಹುದು.

ಸರ್ಕಾರಗಳು ಏನನ್ನು ಬಿಟ್ಟವು, ಏನನ್ನು ತಡೆದವು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಬ್ರಿಟನ್‌ನಲ್ಲಿ ಲಾಕ್‌ಡೌನ್ ಹಾಕಿದ ದಿನವೇ, ದಿನಕ್ಕೆ ಒಂದು ಸಲ ವ್ಯಾಯಾಮಕ್ಕೆ ಹೊರಗೆ ಹೋಗಬಹುದು ಅಂದರು. ಸ್ಪೇನ್‌ನಲ್ಲಿ ದೊಡ್ಡವರು ವಾಕಿಂಗ್ ಅಂತ ಹೊರಗೆ ಕಾಲಿಡಲು ಮೇ 2ರವರೆಗೆ ಕಾಯಬೇಕಾಯಿತು. ನಮ್ಮಲ್ಲಿ ಮಾರ್ಚ್ 25ರಿಂದ ಹಾಲು, ತರಕಾರಿ, ಔಷಧಿಗೆ ಮಾತ್ರ ಅವಕಾಶ. ವಾಕಿಂಗ್ ಅನ್ನುವುದು ಅವಶ್ಯಕ ವಸ್ತುಗಳ ಪಟ್ಟಿಯಲ್ಲಿ ಇರಲಿಲ್ಲ. ಆಗ ಹಾಲಿನ ಪಾಕೆಟ್ ಎಷ್ಟು ಜನರನ್ನು ಕಾಪಾಡಿತು ಅಂತ ಲೆಕ್ಕ ಹಾಕಿದವರಿಲ್ಲ. ನಮ್ಮ ಬೀದಿಯಲ್ಲಿ ಅರ್ಧ ಲೀಟರ್ ಹಾಲಿಗೆ ಒಂದೂವರೆ ಕಿಲೋಮೀಟರ್ ಸುತ್ತಿ ಬರುವವರಿದ್ದರು. ಕರ್ನಾಟಕದಲ್ಲಿ ಪಾರ್ಕುಗಳ ಗೇಟು ತೆರೆದದ್ದು ಮೇ ತಿಂಗಳ ಮೂರನೇ ವಾರದಲ್ಲಿ. ಅದೂ ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7. ಜಿಮ್ಮುಗಳು ಬಾಗಿಲು ತೆಗೆಯಲು ಆಗಸ್ಟ್ 5ರವರೆಗೆ ಕಾಯಬೇಕಾಯಿತು.

ಆದರೆ ಜಿಮ್ ಮುಚ್ಚಿದ್ದರಿಂದ ದೇಶದ ಮೈ ಜಡ್ಡುಗಟ್ಟಿತು ಅನ್ನುವುದು ನಗರದವರ ಭ್ರಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮಧುಮೇಹದ ಬಗ್ಗೆ ನಡೆಸಿದ ದೊಡ್ಡ ಅಧ್ಯಯನದ ಭಾಗವಾಗಿ 2014ರಲ್ಲಿ ಒಂದು ವರದಿ ಬಂದಿತ್ತು. ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢದ ಜನರನ್ನು ಕೇಳಿ ಮಾಡಿದ್ದು. ಶೇ 54.4ರಷ್ಟು ಜನ ಆಗಲೇ ಸಾಕಷ್ಟು ಮೈಚಟುವಟಿಕೆ ಇಲ್ಲದವರು. ಆಟ, ವಾಕಿಂಗ್, ಯೋಗ ಅಂತ ಬಿಡುವಿನಲ್ಲಿ ಏನಾದರೂ ಮಾಡುವವರು ಶೇ 10ಕ್ಕಿಂತ ಕಡಿಮೆ. ಇದರ ಅರ್ಥ ಏನು? ನಮ್ಮ ದೇಶದಲ್ಲಿ ಮೈ ಆಡುವುದು ಕೆಲಸದಿಂದ, ಪ್ರಯಾಣದಿಂದ. ವ್ಯಾಯಾಮದಿಂದ ಅಲ್ಲ. ಲಾಕ್‌ಡೌನ್ ಕತ್ತರಿ ಹಾಕಿದ್ದು ಸರಿಯಾಗಿ ಅಲ್ಲಿಗೇ.

ಹೆಂಗಸರ ಲೆಕ್ಕ ಬೇರೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು. ಮನೆಗೆಲಸ ಮಾಡುವ ಗಂಡಸರು 97 ನಿಮಿಷ. ಇದು ಕೊರೊನಾಕ್ಕೆ ಮೊದಲಿನ ಸಂಖ್ಯೆ. ಆಮೇಲೆ ಮನೆಮಂದಿಯೆಲ್ಲ ಇಪ್ಪತ್ನಾಲ್ಕು ಗಂಟೆ ಮನೆಯಲ್ಲಿ, ಕೆಲಸದವಳು ಬರುವ ಹಾಗಿಲ್ಲ. ನಮ್ಮ ಮನೆಯಲ್ಲೇ ನಾನು ತಾರಸಿಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಸುತ್ತು ಎಣಿಸುವಾಗ ಕೆಳಗೆ ನಾಲ್ಕನೇ ಸಲ ಪಾತ್ರೆ ತೊಳೆಯುವ ಸದ್ದು. ನನ್ನದು ವ್ಯಾಯಾಮ, ಅದು ಕೆಲಸ. 'ನಂಗೆಲ್ಲಿ ಟೈಮು ವಾಕಿಂಗ್‌ಗೆ' ಅಂತ ಹೆಂಡತಿ ಅಂದದ್ದು ಸುಮ್ನೆ ಅಲ್ಲ. ಅವಳ ಸೊಂಟನೋವು ಅದೇ ಜೂನ್‌ನಲ್ಲಿ ಶುರುವಾಯಿತು.

ಇನ್ನು ಅದೇ ವಾರಗಳಲ್ಲಿ ಬೆಂಗಳೂರಿನಿಂದ ರಾಯಚೂರಿಗೆ, ಕಲಬುರಗಿಗೆ ಗಂಟುಮೂಟೆ ಹೊತ್ತು ನಡೆದು ಹೊರಟ ಕಟ್ಟಡ ಕಾರ್ಮಿಕರ ಹೆಜ್ಜೆಗಳನ್ನು ಯಾವ ಆ್ಯಪ್ ಎಣಿಸಬೇಕಿತ್ತು?

ಇಲ್ಲಿಗೆ ಮೈಯ ಲೆಕ್ಕ ಆಯಿತು. ಮನಸ್ಸಿನ ಲೆಕ್ಕ ಇನ್ನೂ ವಿಚಿತ್ರವಾಗಿದೆ.

ಆರೋಗ್ಯ ಸಮೀಕ್ಷೆಗಳಲ್ಲಿ ಒಂದು ಹಳೇ ಪ್ರಶ್ನೆ ಇದೆ. 'ಒಟ್ಟಿನಲ್ಲಿ ನಿಮ್ಮ ಆರೋಗ್ಯ ಹೇಗಿದೆ? ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಸುಮಾರು, ಚೆನ್ನಾಗಿಲ್ಲ.' ಅಷ್ಟೇ. ರಕ್ತ ತೆಗೆಯುವುದಿಲ್ಲ, ಬಿಪಿ ನೋಡುವುದಿಲ್ಲ. ಕೇಳಿದರೆ ಪೆದ್ದು ಪ್ರಶ್ನೆ ಅನ್ನಿಸುತ್ತದೆ. ಆದರೆ 1997ರಲ್ಲಿ ಇಬ್ಬರು ಸಂಶೋಧಕರು ಅಲ್ಲಿಯವರೆಗಿನ 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸಿಕ್ಕಿದ್ದು ಬೇರೆಯೇ. 'ಚೆನ್ನಾಗಿಲ್ಲ' ಅಂದವರು ಮುಂದಿನ ವರ್ಷಗಳಲ್ಲಿ ಸಾಯುವ ಸಾಧ್ಯತೆ, ಉಳಿದ ಕಾಯಿಲೆಗಳ ಲೆಕ್ಕ ಕಳೆದ ಮೇಲೂ, ಬಹುಪಾಲು ಅಧ್ಯಯನಗಳಲ್ಲಿ ಹೆಚ್ಚಿತ್ತು. ಮೈಯ ಒಳಗಿನ ಏನನ್ನೋ ಮನುಷ್ಯ ತಾನೇ ಓದಿಕೊಂಡಿರುತ್ತಾನೆ.

ಹಾಗಂತ ಆ ಉತ್ತರ ಬರೀ ಮೈಯಿಂದಲೇ ಬರುವುದೂ ಇಲ್ಲ. ಅಮರ್ತ್ಯ ಸೇನ್ 2002ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದನ್ನೇ ಎತ್ತಿ ತೋರಿಸಿದರು. ಹೆಚ್ಚು ಕಾಲ ಬದುಕುವ ಕೇರಳದವರು ಹೆಚ್ಚು ಕಾಯಿಲೆ ಹೇಳಿಕೊಳ್ಳುತ್ತಾರೆ. ಬೇಗ ಸಾಯುವ ಬಿಹಾರದವರು ಕಡಿಮೆ ಹೇಳಿಕೊಳ್ಳುತ್ತಾರೆ. ಆಸ್ಪತ್ರೆ ಹತ್ತಿರ ಇದ್ದವನಿಗೆ, ಓದಿದವನಿಗೆ ತನ್ನ ನೋವಿಗೆ ಹೆಸರು ಗೊತ್ತಿರುತ್ತದೆ. ಇಲ್ಲದವನಿಗೆ ಅದು ಬರೀ ಬದುಕು.

ಕನ್ನಡದಲ್ಲಿ ಈ ಪ್ರಶ್ನೆ ಕೇಳಿ ನೋಡಿ. 'ಆರೋಗ್ಯ ಹೇಗಿದೆ?' 'ಪರವಾಗಿಲ್ಲ.' ಇದರೊಳಗೆ ಮಂಡಿನೋವು, ಶುಗರ್, ನಿದ್ದೆ ಬರದಿರುವುದು, ಎಲ್ಲ ಇರಬಹುದು. ಏನೂ ಇಲ್ಲದೆಯೂ ಇರಬಹುದು. ಧಾರವಾಡದ ಕಡೆ 'ಆರಾಮ ಇದ್ದೀರಿ?' ಅಂದರೆ 'ಆರಾಮ ಇದ್ದೇನ್ರಿ' ಅಂತಲೇ ಉತ್ತರ, ಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದರೂ.

2020ರಲ್ಲಿ ಈ ಪ್ರಶ್ನೆಗೆ ಬಂದ ಉತ್ತರ ತಜ್ಞರನ್ನೂ ತಬ್ಬಿಬ್ಬು ಮಾಡಿತು. ಜರ್ಮನಿಯಲ್ಲಿ ವರ್ಷಗಳಿಂದ ನಡೆಯುತ್ತಿರುವ ಒಂದು ದೊಡ್ಡ ಆರೋಗ್ಯ ಅಧ್ಯಯನದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲ ಅಲೆಯ ಸಮಯದಲ್ಲಿ ಮತ್ತೆ ಕೇಳಿದರು. ಸುಮಾರು ಮೂರರಲ್ಲಿ ಒಬ್ಬರು ತಮ್ಮ ಆರೋಗ್ಯ ಹಿಂದಿಗಿಂತ ಚೆನ್ನಾಗಿದೆ ಅಂದರು. ಅದೇ ಜನರಲ್ಲಿ ಆತಂಕ, ಖಿನ್ನತೆ, ಒತ್ತಡದ ಲಕ್ಷಣ ಹೆಚ್ಚಾಗಿತ್ತು, ಅದರಲ್ಲೂ ಅರವತ್ತರೊಳಗಿನವರಲ್ಲಿ.

ಆರೋಗ್ಯ ಸುಧಾರಿಸಿತ್ತೇ? ನನಗೆ ಹಾಗನ್ನಿಸುವುದಿಲ್ಲ. ಅಳತೆಗೋಲು ಬದಲಾಗಿತ್ತು. ಟಿವಿಯಲ್ಲಿ ವೆಂಟಿಲೇಟರ್ ನೋಡುತ್ತಾ ಕೂತವನಿಗೆ ತನ್ನ ಬೆನ್ನುನೋವು ಕಾಯಿಲೆಯೇ ಅಲ್ಲ. ಉಸಿರಾಡುತ್ತಿದ್ದೇನೆ, ವಾಸನೆ ಗೊತ್ತಾಗುತ್ತಿದೆ, ಇನ್ನೇನು ಬೇಕು? ಬೆಳಿಗ್ಗೆ ಎದ್ದು ಕಾಫಿಪುಡಿ ಡಬ್ಬ ಮೂಸಿ ನೋಡಿ ಸಮಾಧಾನಪಟ್ಟವರು ಎಷ್ಟು ಜನ, ಅಲ್ವಾ?

ಈ ಅಳತೆಗೋಲು ತಿರುಗಿ ನಮಗೇ ಬಡಿದದ್ದು ಎರಡನೇ ಅಲೆಯಲ್ಲಿ. 2021ರ ಏಪ್ರಿಲ್, ಮೇ. ಆಸ್ಪತ್ರೆಯಲ್ಲಿ ಜಾಗ ಇಲ್ಲ. ಮನೆಯಲ್ಲೇ ಇರಿ, ಆಕ್ಸಿಜನ್ ನೋಡಿಕೊಳ್ಳಿ ಅಂದರು. ಆಗ ಬಂದದ್ದು ಆರು ನಿಮಿಷದ ನಡಿಗೆ ಪರೀಕ್ಷೆ. ಬೆರಳಿಗೆ ಆಕ್ಸಿಮೀಟರ್ ಹಾಕಿ ಮೊದಲು ನೋಡಬೇಕು. ಆಮೇಲೆ ಸಮತಟ್ಟಾದ ನೆಲದಲ್ಲಿ ಆರು ನಿಮಿಷ ನಡೆದು ಮತ್ತೆ ನೋಡಬೇಕು. ಸಂಖ್ಯೆ ತುಂಬಾ ಇಳಿದರೆ ಶ್ವಾಸಕೋಶ ಕಷ್ಟದಲ್ಲಿದೆ ಅಂತ.

ನಮ್ಮ ಅಪ್ಪನಿಗೆ ಆಗ ಎಪ್ಪತ್ತೊಂದು. ಕೋಣೆಯ ಬಾಗಿಲಿನಿಂದ ಕಿಟಕಿಯವರೆಗೆ ಏಳು ಹೆಜ್ಜೆ. ಹೊರಗೆ ನಾನು ಫೋನಿನಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತಿದ್ದೆ. ಬಾಗಿಲ ಸಂದಿಯಿಂದ ಅವರ ಚಪ್ಪಲಿ ಸದ್ದು ಮಾತ್ರ ಕೇಳುತ್ತಿತ್ತು. ನಾಲ್ಕನೇ ನಿಮಿಷಕ್ಕೆ ಸದ್ದು ನಿಂತಿತು. ಮೂವತ್ತು ವರ್ಷ ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ನಡೆದ ಮನುಷ್ಯ. 'ಎಷ್ಟಿದೆ?' ಅಂದೆ. 'ತೊಂಬತ್ತೈದು' ಅಂದರು. ಮತ್ತೆ ಸದ್ದು ಶುರುವಾಯಿತು. ಗುಣವಾದರು, ಈಗಲೂ ಇದ್ದಾರೆ. ಆದರೆ ಅಲ್ಲಿಯವರೆಗೆ ನಡಿಗೆ ಅಂದರೆ ಅವರಿಗೆ ಖುಷಿ. ಅಂದಿನಿಂದ ಅದು ಪರೀಕ್ಷೆ. ನಡೆದು ಬಂದ ಮೇಲೆ ಬೆರಳು ಚಾಚುವ ಅಭ್ಯಾಸ ಹೋಗಲು ಎರಡು ವರ್ಷ ಬೇಕಾಯಿತು.

ಈ ಬದಲಾವಣೆಯ ಬಗ್ಗೆ ಹೆಚ್ಚು ಚರ್ಚೆ ಆಗಿಲ್ಲ ಅಂತ ನನ್ನ ಅಭಿಪ್ರಾಯ. ಮಹಾಮಾರಿ ನಮ್ಮನ್ನು ಹೆಚ್ಚು ನಡೆಯುವವರನ್ನಾಗಿ ಮಾಡಲಿಲ್ಲ. ನಮ್ಮ ಮೈಯನ್ನು ನಾವೇ ಅನುಮಾನದಿಂದ ನೋಡುವವರನ್ನಾಗಿ ಮಾಡಿತು.

ಆ ಅನುಮಾನ ಕರ್ನಾಟಕದಲ್ಲಿ ಸ್ಫೋಟಗೊಂಡ ದಿನ 2021ರ ಅಕ್ಟೋಬರ್ 29. ಪುನೀತ್ ರಾಜ್‌ಕುಮಾರ್ ಹೋದ ದಿನ. 46 ವಯಸ್ಸು, ಫಿಟ್‌ನೆಸ್‌ಗೆ ಹೆಸರಾದವರು, ಅಂದು ಬೆಳಿಗ್ಗೆಯೂ ವ್ಯಾಯಾಮ ಮಾಡಿದ್ದರು ಎಂಬ ಸುದ್ದಿ. ಮುಂದಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಹೊರರೋಗಿ ವಿಭಾಗದಲ್ಲಿ ಜನವೋ ಜನ. ಮೂವತ್ತು, ನಲವತ್ತರ ಹುಡುಗರು ಇಸಿಜಿ ಮಾಡಿಸಲು ಸಾಲು ನಿಂತರು. ನನ್ನ ಒಬ್ಬ ಗೆಳೆಯ ವರ್ಷದ ಜಿಮ್ ಫೀಸು ಕಟ್ಟಿ ಮೂರೇ ವಾರ ಆಗಿತ್ತು. ಮತ್ತೆ ಹೋಗಲೇ ಇಲ್ಲ. 'ಅಪ್ಪುಗೇ ಹಿಂಗಾದ್ರೆ ನಾವ್ಯಾವ ಲೆಕ್ಕ' ಅಂದ. ಈ ಮಾತನ್ನು ಆ ತಿಂಗಳು ಎಷ್ಟು ಬಾಯಿಂದ ಕೇಳಿದೆನೋ.

ನಿಜವಾಗಿ ಏನಾಗುತ್ತಿದೆ ಎಂದು ನೋಡಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ 47 ಆಸ್ಪತ್ರೆಗಳಲ್ಲಿ ಅಧ್ಯಯನ ಮಾಡಿತು. 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ, 18ರಿಂದ 45 ವರ್ಷದ, ಕಾರಣ ತಿಳಿಯದೆ ಹಠಾತ್ ಸತ್ತ 729 ಜನರ ವಿವರ ತೆಗೆದುಕೊಂಡು, ಅದೇ ನೆರೆಹೊರೆಯ ಬದುಕಿರುವವರ ಜೊತೆ ಹೋಲಿಸಿತು. ಲಸಿಕೆಯಿಂದ ಅಪಾಯ ಹೆಚ್ಚಾಗಿರಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಕಡಿಮೆಯೇ ಇತ್ತು. ಅಪಾಯ ಹೆಚ್ಚಿದ್ದದ್ದು ಹಿಂದೆ ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವಿನ ಇತಿಹಾಸ ಇದ್ದವರಲ್ಲಿ, ಸಾವಿಗೆ ಮುಂಚಿನ 48 ಗಂಟೆಯಲ್ಲಿ ಮಿತಿಮೀರಿ ಕುಡಿದವರಲ್ಲಿ, ಅಥವಾ ಆ 48 ಗಂಟೆಯಲ್ಲಿ ತೀವ್ರವಾಗಿ ಮೈ ದಣಿಸಿದವರಲ್ಲಿ.

ಕೊನೆಯದನ್ನು ಪತ್ರಿಕೆಗಳು, ವಾಟ್ಸಾಪ್‌ಗಳು ಎತ್ತಿಕೊಂಡವು. ಗುಜರಾತಿನಲ್ಲಿ ಗರ್ಬಾ ಕುಣಿಯುವಾಗ ಕುಸಿದು ಸತ್ತವರ ಸುದ್ದಿಯ ನಡುವೆ ಆಗಿನ ಕೇಂದ್ರ ಆರೋಗ್ಯ ಸಚಿವ ಮನ್ಸುಖ್ ಮಾಂಡವೀಯ ಅವರೂ 2023ರ ಅಕ್ಟೋಬರ್‌ನಲ್ಲಿ, ತೀವ್ರ ಕೋವಿಡ್ ಆಗಿದ್ದವರು ಒಂದೆರಡು ವರ್ಷ ಮಿತಿಮೀರಿ ದಣಿಯಬೇಡಿ ಅಂದರು. ಜನರ ಕಿವಿಗೆ 'ತೀವ್ರ ಕೋವಿಡ್', 'ಮಿತಿಮೀರಿ' ಎರಡೂ ಬೀಳಲಿಲ್ಲ. 'ವ್ಯಾಯಾಮ ಬೇಡ' ಅಂತ ಕೇಳಿಸಿತು. ವರ್ಷಗಟ್ಟಲೆ ಕೂತವನು ಒಂದು ಸೋಮವಾರ ಎದ್ದು ಹತ್ತು ಕಿಲೋಮೀಟರ್ ಓಡುವುದಕ್ಕೂ, ದಿನಾ ಅರ್ಧ ಗಂಟೆ ನಡೆಯುವುದಕ್ಕೂ ಇರುವ ವ್ಯತ್ಯಾಸ ಅಳಿಸಿಹೋಯಿತು.

2025ರಲ್ಲಿ ಹಾಸನದ ಸರಣಿ ಹೃದಯಾಘಾತದ ಸುದ್ದಿ ಬಂದಾಗ ಅದೇ ನಾಟಕ ಮತ್ತೆ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಕ್ಯೂ. ರಾಜ್ಯ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಹಠಾತ್ ಸಾವಿಗೆ ಕೋವಿಡ್ ಆಗಲಿ ಲಸಿಕೆಯಾಗಲಿ ಕಾರಣ ಎನ್ನಲು ಆಧಾರ ಸಿಗಲಿಲ್ಲ. ಬಿಪಿ, ಶುಗರ್, ಸಿಗರೇಟು, ಕೂತೇ ಮಾಡುವ ಕೆಲಸ, ಇವೇ ಹಳೇ ಆರೋಪಿಗಳು.

ಇದಕ್ಕೆ ಎದುರಾಗಿ ಇಡಬೇಕಾದ ಇನ್ನೊಂದು ಸಂಖ್ಯೆ ಇದೆ. ಅದು ಅಷ್ಟಾಗಿ ವಾಟ್ಸಾಪ್‌ಗೆ ಹತ್ತಲಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ಆಸ್ಪತ್ರೆ ಜಾಲವೊಂದರಲ್ಲಿ ವೈದ್ಯರು ಪ್ರತಿ ಭೇಟಿಯಲ್ಲೂ 'ವಾರಕ್ಕೆ ಎಷ್ಟು ವ್ಯಾಯಾಮ ಮಾಡ್ತೀರಿ' ಅಂತ ಕೇಳಿ ಬರೆದುಕೊಳ್ಳುವ ರೂಢಿ ಇತ್ತು. ಕೋವಿಡ್ ಬಂದಾಗ ಆ ಹಳೇ ದಾಖಲೆ ಉಪಯೋಗಕ್ಕೆ ಬಂತು. ಸೋಂಕು ತಗುಲಿದ 48,440 ಜನರಲ್ಲಿ, ಮೊದಲಿನಿಂದಲೂ ಏನೂ ಮಾಡದವರು ಆಸ್ಪತ್ರೆ ಸೇರುವ, ಸಾಯುವ ಸಾಧ್ಯತೆ ನಿಯಮಿತವಾಗಿ ವ್ಯಾಯಾಮ ಮಾಡುತ್ತಿದ್ದವರ ಎರಡು ಪಟ್ಟಿಗಿಂತ ಹೆಚ್ಚಿತ್ತು. ಜನ ತಾವೇ ಹೇಳಿದ ಲೆಕ್ಕ ಇದು. ವ್ಯಾಯಾಮ ಮಾಡುವವರು ಬೇರೆ ವಿಷಯದಲ್ಲೂ ಹುಷಾರಾಗಿರುತ್ತಾರೆ ಎಂಬ ತಕರಾರು ಎತ್ತಬಹುದು. ಆದರೂ ಭಯಪಡಬೇಕಾದದ್ದು ನಡಿಗೆಗೋ ಕುರ್ಚಿಗೋ ಎಂಬ ಪ್ರಶ್ನೆಗೆ ಇದು ಸಾಕು.

ಎಲ್ಲರಿಗೂ ಒಂದೇ ಸಲಹೆ ಹೇಳಲಾಗದ ಒಂದು ಗುಂಪೂ ಇದೆ. ಕೋವಿಡ್ ಹೋದರೂ ಸುಸ್ತು ಹೋಗದವರು. ಅವರಲ್ಲಿ ಕೆಲವರಿಗೆ ಸ್ವಲ್ಪ ಹೆಚ್ಚು ದಣಿದರೆ ಮರುದಿನ, ಅದರ ಮರುದಿನ ಹಾಸಿಗೆ ಬಿಟ್ಟು ಏಳಲಾಗುವುದಿಲ್ಲ. 'ಸೋಮಾರಿತನ, ಎದ್ದು ಓಡಾಡು' ಅಂತ ಇಂಥವರನ್ನು ಮನೆಯವರೇ ಗದರಿದ್ದು ಕೇಳಿದ್ದೇನೆ. ಅವರು ಶಕ್ತಿಯನ್ನು ತಿಂಗಳ ಸಂಬಳದ ಹಾಗೆ ಹಂಚಿ ಖರ್ಚು ಮಾಡಬೇಕು.

ಈಗ ಏನು ಉಳಿದಿದೆ? ಇಂಗ್ಲೆಂಡಿನಲ್ಲಿ ಮೊದಲ ಲಾಕ್‌ಡೌನ್‌ನಲ್ಲಿ ಮೈಚಟುವಟಿಕೆ ಇರುವ ವಯಸ್ಕರ ಸಂಖ್ಯೆ 30 ಲಕ್ಷದಷ್ಟು ಕುಸಿದಿತ್ತು, ಎರಡು ವರ್ಷದಲ್ಲಿ ಬಹುಪಾಲು ಚೇತರಿಸಿಕೊಂಡಿತು. ನಮ್ಮ ಚಿತ್ರ ಅಷ್ಟು ಸಲೀಸಲ್ಲ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯ ಅಂದಾಜಿನಂತೆ 2022ರಲ್ಲಿ ಭಾರತದ ವಯಸ್ಕರಲ್ಲಿ ಶೇ 49.4ರಷ್ಟು ಜನ ವಾರಕ್ಕೆ 150 ನಿಮಿಷದ ಸಾಧಾರಣ ಚಟುವಟಿಕೆಯನ್ನೂ ಮುಟ್ಟುತ್ತಿರಲಿಲ್ಲ. ಹೆಂಗಸರಲ್ಲಿ ಶೇ 57, ಗಂಡಸರಲ್ಲಿ ಶೇ 42. 2000ರಲ್ಲಿ ಇದೇ ಲೆಕ್ಕ ಶೇ 22.3 ಇತ್ತು. ಕೊರೊನಾದ ತಲೆಗೆ ಇದನ್ನೆಲ್ಲ ಕಟ್ಟಲಾಗದು. ಸ್ಕೂಟರು, ಲಿಫ್ಟು, ಕುರ್ಚಿ ಕೆಲಸ ಇಪ್ಪತ್ತು ವರ್ಷದಿಂದ ಮಾಡುತ್ತಿದ್ದುದನ್ನು ಅದು ಎರಡು ತಿಂಗಳಲ್ಲಿ ಒಟ್ಟಿಗೆ ಮಾಡಿ ತೋರಿಸಿತು, ಅಷ್ಟೇ.

ವ್ಯಾಯಾಮದ ಹೊಸ ಉತ್ಸಾಹವೂ ಹೆಚ್ಚು ದಿನ ನಿಲ್ಲಲಿಲ್ಲ. 2020ರ ಜೂನ್ 3, ವಿಶ್ವ ಸೈಕಲ್ ದಿನದಂದೇ ಅಟ್ಲಾಸ್ ಕಂಪನಿ ಸಾಹಿಬಾಬಾದಿನ ತನ್ನ ಕೊನೆಯ ಕಾರ್ಖಾನೆಯ ಕೆಲಸ ನಿಲ್ಲಿಸಿತ್ತು. ಅದಾದ ಕೆಲವೇ ವಾರಕ್ಕೆ ಅಂಗಡಿಗಳಲ್ಲಿ ಗೇರ್ ಸೈಕಲ್ ಸಿಗದೆ ಜನ ತಿಂಗಳು ಕಾದರು. ಆ ಸೈಕಲ್‌ಗಳಲ್ಲಿ ಎರಡು ಈಗ ನಮ್ಮ ಕಟ್ಟಡದ ಕೆಳಗೆ ಟೈರಿಗೆ ಗಾಳಿ ಇಲ್ಲದೆ ನಿಂತಿವೆ. ಒಂದು ನನ್ನದು. ನಾನು ನೋಡಿದ ಮಟ್ಟಿಗೆ ಉಳಿದುಕೊಂಡದ್ದು ಬೇರೊಬ್ಬರ ಜೊತೆ ಗಂಟು ಬಿದ್ದ ಅಭ್ಯಾಸ ಮಾತ್ರ. ಆರು ಗಂಟೆಗೆ ಗೇಟಿನ ಹತ್ತಿರ ಕಾಯುವವರು ಇದ್ದರೆ ಕಾಲು ತಾನಾಗಿ ಎದ್ದು ಹೋಗುತ್ತದೆ.

ಕಳೆದುಹೋದ ಓಡಾಟದ ಮಾತು ಬೇರೆ. ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ, ಹತ್ತು ನಿಮಿಷಕ್ಕೆ ಬಾಗಿಲಿಗೆ ಬರುವ ತರಕಾರಿ. ಅಲ್ಲಿ ಕಳೆದ ಹೆಜ್ಜೆಯನ್ನು ಇಚ್ಛಾಶಕ್ತಿಯಿಂದ ತುಂಬಿಕೊಳ್ಳಿ ಅನ್ನುವುದು ಸುಲಭ. ಆದರೆ ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ, ಸಂಜೆ ಏಳಕ್ಕೆ ಕೆಲಸ ಮುಗಿಸಿದವರು ಎಲ್ಲಿ ನಡೆಯಬೇಕು? 2024ರ ಜೂನ್‌ನಲ್ಲಿ ಬೆಂಗಳೂರು ಪಾಲಿಕೆ ತನ್ನ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ನಿರ್ಧಾರ ಮಾಡಿತು. ಹತ್ತು ಆರೋಗ್ಯ ಭಾಷಣಕ್ಕಿಂತ ಆ ಒಂದು ಆದೇಶ ಮೇಲು ಅನ್ನುತ್ತೇನೆ.

ನಮ್ಮ ಹತ್ತಿರದ ಪಾರ್ಕಿನಲ್ಲಿ ರಾತ್ರಿ ಎಂಟೂವರೆಗೆ ಹೋದರೆ ಹೆಂಗಸರೇ ಹೆಚ್ಚು. ಅಡುಗೆ ಮುಗಿಸಿ ಬಂದವರು, ಚೂಡಿದಾರಕ್ಕೆ ಸ್ಪೋರ್ಟ್ಸ್ ಶೂ ಹಾಕಿದವರು. ಹೆಂಡತಿಯೂ ಈಗ ಹೋಗುತ್ತಾಳೆ. ಮೊನ್ನೆ ಅಲ್ಲಿ ಎದುರು ತಾರಸಿಯವರು ಸಿಕ್ಕರು. ಇಷ್ಟು ವರ್ಷದ ಮೇಲೆ ಮೊದಲ ಸಲ ಹತ್ತಿರದಿಂದ ನೋಡಿದ್ದು. ಮುಖ ನೋಡಿ ಗೊತ್ತಾಗಲಿಲ್ಲ, ನಡಿಗೆ ನೋಡಿ ಗೊತ್ತಾಯಿತು. 'ಹೇಗಿದ್ದೀರಿ ಸಾರ್?' ಅಂದೆ. 'ಪರವಾಗಿಲ್ಲ' ಅಂದು ನಿಲ್ಲದೆ ಮುಂದೆ ಹೋದರು.